ಲಾಂಡ್ರಿ ಬೀದಿಯ ಕಾಲುಚೀಲ

ಮಾರ್ಚ್ ೪, ಮಂಗಳವಾರ
ಬಿಪಿ: ೧೩೦/೮೦

ಡಾಕ್ಟರಮ್ಮ ಈ ಪುಸ್ತಕ ಕೊಡಿಸಿದ್ದಾರೆ. ಕೊಡಿಸಿದ್ದಾರೆ ಅಂದರೆ ನೀವೇ ಕೊಂಡುಕೊಳ್ಳಿ ಎಂದಿದ್ದಾರೆ. ದಿನಾ ಬೆಳಿಗ್ಗೆ ಬಿಪಿ ನೋಡಿ ಮೇಲುಗಡೆ ಬರೆಯಬೇಕಂತೆ. ಸಿಟ್ಟು ಬಂದರೆ ಜನರ ಮೇಲೆ ಹರಿಹಾಯುವ ಬದಲು ಅದರ ಕೆಳಗೆ ಬರೆಯಬೇಕಂತೆ. ಇಪ್ಪತ್ತಮೂರು ವರ್ಷದಿಂದ ಊರಿನ ಒಳಚರಂಡಿಯ ಸೂಪರ್‌ವೈಸರ್ ಆಗಿರುವವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಊರಿನವರು ಕೈತೊಳೆದು ಬಿಟ್ಟಿದ್ದೆಲ್ಲ ಕೊನೆಗೆ ನನ್ನ ತಲೆಗೇ ಬರುವುದು.

ಬೆಳಿಗ್ಗೆ ಏಳಕ್ಕೆ ಅಕ್ಕನ ಫೋನು. ಅಕ್ಕನದು ತಗ್ಗಿನ ಬೀದಿಯ ಕೊನೆಯಲ್ಲಿ ಲಾಂಡ್ರಿ. ಭಾವನದು ಇಸ್ತ್ರಿ, ಉಳಿದದ್ದೆಲ್ಲ ಅಕ್ಕನದು, ಮಾತೂ ಸೇರಿ.

"ಬೇಗ ಬಾರೇ. ನಿಮ್ಮ ಕಾಲುಚೀಲ ನನ್ನ ಅಂಗಡಿಯೊಳಗೆ ವಾಂತಿ ಮಾಡ್ಕೊಂಡಿದೆ."

ಕಾಲುಚೀಲ ಅಂದರೆ ಲೈನರ್. ನಾಲ್ಕು ವರ್ಷದ ಹಿಂದೆ ಆ ಬೀದಿಯ ಹಳೇ ಪೈಪು ಬಿರುಕು ಬಿಟ್ಟಾಗ ರಸ್ತೆ ಅಗೆಯುವುದು ಬೇಡವೆಂದು ಪೈಪಿನೊಳಗೇ ಲೈನರ್ ಹಾಕಿಸಿದೆವು. ಅಂಟು ಕುಡಿಸಿದ ಪ್ಲಾಸ್ಟಿಕ್ಕಿನ ಉದ್ದನೆಯ ಚೀಲ ಅದು. ನೀರಿನ ಒತ್ತಡದಲ್ಲಿ ಅದನ್ನು ಪೈಪಿನೊಳಗೆ ತುರುಕಿ, ಬಾಯ್ಲರ್‌ನಿಂದ ಬಿಸಿನೀರು ತುಂಬಿಸಿ ಬೇಯಲು ಬಿಟ್ಟರೆ ಚೀಲ ಅಲ್ಲೇ ಗಟ್ಟಿಯಾಗಿ ಪೈಪಿನೊಳಗೆ ಇನ್ನೊಂದು ಪೈಪಾಗುತ್ತದೆ. ಅಕ್ಕನಿಗೆ ಇದನ್ನೆಲ್ಲ ವಿವರಿಸಿದಾಗ "ಅಂದ್ರೆ ಪೈಪಿಗೆ ಕಾಲುಚೀಲ" ಅಂದಿದ್ದಳು. ಅವತ್ತಿನಿಂದ ಇಡೀ ಬೀದಿಯ ಬಾಯಲ್ಲಿ ಅದೇ ಹೆಸರು.

ಹೋಗಿ ನೋಡಿದರೆ ಅಂಗಡಿಯಲ್ಲಿ ಪಾದ ಮುಳುಗುವಷ್ಟು ಹೊಲಸು ನೀರು. ಆಸ್ಪತ್ರೆಯ ನಲವತ್ತು ಬಿಳಿ ಹಾಸುಬಟ್ಟೆ ಅದರಲ್ಲೇ ಮುದ್ದೆಯಾಗಿ ಬಿದ್ದಿದ್ದವು. ಮಂಡಿನೋವಿನ ಭಾವ ಸ್ಟೂಲ್ ಹತ್ತಿ, ಇಸ್ತ್ರಿಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ನಮ್ಮ ಕ್ಯಾಮೆರಾ ಗಾಡಿಯನ್ನು ಪೈಪಿನೊಳಗೆ ಇಳಿಸಿದೆವು. ಮೂವತ್ತು ಮೀಟರ್ ಹೋಗುವಷ್ಟರಲ್ಲಿ ಪರದೆ ಕತ್ತಲಾಯಿತು. ಲೈನರ್ ಪೈಪಿನಿಂದ ಬಿಟ್ಟುಕೊಂಡು, ಹೊಟ್ಟೆ ಜೋತುಬಿಟ್ಟು ಅಡ್ಡ ಮಲಗಿದೆ. ಹರಿದುಬಂದಿದ್ದೆಲ್ಲ ಅದರ ಬೆನ್ನ ಹಿಂದೆ ನಿಂತಿದೆ.

ಲೈನರ್ ಕಂಪನಿಯ ಮನುಷ್ಯ ಅವತ್ತು ಮೀಟಿಂಗಿನಲ್ಲಿ ಅದರ ತುಂಡನ್ನು ಮೇಜಿಗೆ ಟಕಟಕ ಬಡಿದು, "ಐವತ್ತು ವರ್ಷ ಮೇಡಂ, ಮುಟ್ಟೋ ಹಾಗೇ ಇಲ್ಲ" ಅಂದಿದ್ದ. ಆಫೀಸಿನಲ್ಲಿ ಅವನಿಗೆ ಐವತ್ವರ್ಷ ಅಂತಲೇ ಹೆಸರು ಬಿದ್ದಿದೆ. ಐವತ್ತರಲ್ಲಿ ಎಷ್ಟು ಕಳೆದರೆ ನಾಲ್ಕು ಬರುತ್ತದೆ ಅಂತ ನಾಳೆ ಅವನನ್ನೇ ಕೇಳುತ್ತೇನೆ.

ಮಾರ್ಚ್ ೫, ಬುಧವಾರ
ಬಿಪಿ: ೧೩೦/೮೦

ಐವತ್ವರ್ಷ ಬಂದ. ಮಿರಿಮಿರಿ ಮಿಂಚುವ ಬೂಟು. ಮ್ಯಾನ್‌ಹೋಲ್‌ನಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತು ಮೂಗು ಮುಚ್ಚಿಕೊಂಡೇ ಮಾತಾಡಿದ.

"ಲೈನರ್‌ದು ತಪ್ಪಿಲ್ಲ ಮೇಡಂ. ಯಾರೋ ದಿನಾ ಬಿಸಿನೀರು ಬಿಟ್ಟಿದ್ದಾರೆ. ಪ್ಲಾಸ್ಟಿಕ್ ಮೆತ್ತಗಾಗಿದೆ."

ಯಾರು ಬಿಟ್ಟಿದ್ದಾರೆ ಅಂತ ಕೇಳಿದೆ. ಅವನು ಬೆರಳೆತ್ತಿ ಅಕ್ಕನ ಲಾಂಡ್ರಿ ತೋರಿಸಿದ.

ನನ್ನ ಪಿತ್ತ ನೆತ್ತಿಗೇರಿತು. ಆ ಚೀಲವನ್ನು ಗಟ್ಟಿ ಮಾಡಿದ್ದೇ ಬಿಸಿನೀರು! ಎಂಬತ್ತು ಡಿಗ್ರಿಯಲ್ಲಿ ಅರ್ಧ ದಿನ ಬೇಯಿಸಿ ಹುಟ್ಟಿಸಿದ ವಸ್ತು ಲಾಂಡ್ರಿಯ ನೀರಿಗೆ ಕರಗುತ್ತದೆಯೇ? ಅಕ್ಕನ ನೀರು ತೊಟ್ಟಿಯಲ್ಲಿ ಆರಿ, ಉಗುರುಬೆಚ್ಚಗಾದ ಮೇಲೇ ಚರಂಡಿಗೆ ಹೋಗುವುದು. ಇದನ್ನೇ ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವನು ನಕ್ಕು, "ಪೇಪರ್ ಮಾತಾಡತ್ತೆ ಮೇಡಂ, ನಾವ್ಯಾಕೆ ಮಾತಾಡೋದು" ಅಂದ.

ಹೆಣ್ಣುಮಗಳೊಬ್ಬಳ ಅಂಗಡಿ ಕಂಡರೆ ಸಾಕು, ಗೂಬೆ ಕೂರಿಸಲು ಹೊರಡುತ್ತಾರೆ.

ಮಾರ್ಚ್ ೭, ಶುಕ್ರವಾರ
ಬಿಪಿ: ೧೩೦/೮೦

ಅಕ್ಕನ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ. ಅಂಟಿಸಿದ್ದು ಬೇರೆ ಯಾರೂ ಅಲ್ಲ, ನಮ್ಮದೇ ಇಲಾಖೆ. ಇಪ್ಪತ್ತನೇ ತಾರೀಕು ವಿಚಾರಣೆ. ಅಲ್ಲಿಯವರೆಗೆ ಲಾಂಡ್ರಿಯಿಂದ ಒಂದು ಹನಿ ನೀರೂ ಚರಂಡಿಗೆ ಬೀಳಕೂಡದು. ತಪ್ಪು ಸಾಬೀತಾದರೆ ಲೈಸೆನ್ಸ್ ರದ್ದು. ನೀರು ಬಿಡದೆ ಬಟ್ಟೆ ಒಗೆಯುವುದು ಹೇಗಂತೆ, ನಾಲಿಗೆಯಲ್ಲಿ ನೆಕ್ಕಿಯೇ?

"ನೀನೂ ಅಲ್ಲೇ ಕೂತಿರ್ತೀಯಲ್ಲೇ, ಯಾರ ಮನೆ ಕಾಯ್ತಿದ್ದೀಯಾ?" ಅಂದಳು ಅಕ್ಕ. ಮಷಿನ್‌ಗಳೆಲ್ಲ ಬಾಯಿ ತೆರೆದುಕೊಂಡು ಖಾಲಿ ನಿಂತಿದ್ದವು. ಭಾವ ಒಂದೇ ಅಂಗಿಯನ್ನು, ಅದೂ ತಮ್ಮದನ್ನೇ, ಮೂರನೇ ಸಲ ಇಸ್ತ್ರಿ ಮಾಡುತ್ತಿದ್ದರು.

"ಇಪ್ಪತ್ತೆರಡು ವರ್ಷ ಆಯ್ತು ಈ ಅಂಗಡಿಗೆ. ಈಗ ನಾನು ಹೊಲಸು ಮಾಡ್ದವಳು ಅಂತಾರೆ, ಬೇರೆಯವರ ಹೊಲಸು ತೊಳೆದವಳನ್ನ!"

ಅವಳ ದನಿ ಒಡೆಯಿತು. ನಮ್ಮ ಅಕ್ಕ ಅಳುವವಳಲ್ಲ.

ಹಳೇ ಫೈಲ್ ತೆಗೆಸುತ್ತೇನೆ. ಲೈನರ್ ಬೇಯಿಸುವ ದಿನ ಅರ್ಧ ಗಂಟೆಗೊಮ್ಮೆ ನೀರಿನ ಬಿಸಿ ನೋಡಿ ಚಾರ್ಟಿನಲ್ಲಿ ಬರೆಯಬೇಕು, ಕೆಳಗೆ ನಮ್ಮ ಕಡೆಯ ಸೂಪರ್‌ವೈಸರ್ ಸಹಿ ಮಾಡಬೇಕು. ಆ ವರ್ಷ ನಲವತ್ತೊಂದು ಬೀದಿಗೆ ಲೈನರ್ ಹಾಕಿದೆವು, ನಾವು ಮೂವರು ಸರದಿಯ ಮೇಲೆ ಕಾಯುತ್ತಿದ್ದೆವು. ಯಾವ ಬೀದಿಗೆ ಯಾರು ಕೂತಿದ್ದೆವೋ ಯಾರಿಗೆ ನೆನಪು? ಆದರೆ ಅಕ್ಷರ ಎಲ್ಲಿಗೆ ಹೋಗುತ್ತದೆ? ಈ ಕೆಲಸ ಕೆಡಿಸಿದವರು ಯಾರೇ ಆಗಿರಲಿ, ಬಿಡುವುದಿಲ್ಲ.

ಮಾರ್ಚ್ ೯, ಭಾನುವಾರ
ಬಿಪಿ: ೧೩೦/೮೦

ಇವತ್ತು ಇವರ ಜೊತೆ ಜಗಳ. ಕಾರಣ ಇಷ್ಟೇ: ನಾನು ಪುಸ್ತಕ ಹಿಡಿದು ಕೂತಿದ್ದೆ, ಇವರು ಬಗ್ಗಿ ನೋಡಿದರು.

"ದಿನಾ ನೂರಾ ಮೂವತ್ತೇನಾ? ಭಾರಿ ಶಿಸ್ತು ನಿನ್ನ ಬಿಪಿಗೆ."

"ಇರತ್ತೆ. ಮಾತ್ರೆ ತಗೊಳ್ತೀನಲ್ಲ."

"ಅಲ್ಲ ಕಣೇ, ಆ ಮಷಿನ್‌ನ ಬ್ಯಾಟರಿ ನಾನು ಗೋಡೆ ಗಡಿಯಾರಕ್ಕೆ ಹಾಕಿ ಹತ್ತು ದಿನ ಆಯ್ತು."

ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಚೀಟಿ ಓದಿ ಓದಿ ಇವರಿಗೆ ಪತ್ತೇದಾರಿ ಬುದ್ಧಿ ಬಂದಿದೆ. ತಿಂಗಳ ಕೊನೆಗೆ ಡಾಕ್ಟರಮ್ಮನಿಗೆ ತೋರಿಸಬೇಕು ಅಂತ ಒಟ್ಟಿಗೆ ತುಂಬಿಸಿಟ್ಟೆ, ಅದರಲ್ಲೇನು ಮುಳುಗಿಹೋಯಿತು? ನನ್ನ ಮೈ ನನಗೆ ಗೊತ್ತಿಲ್ಲವೇ? ಹೇಳದೆ ಬ್ಯಾಟರಿ ತೆಗೆದವರದು ತಪ್ಪಲ್ಲ, ಬರೆದವಳದು ತಪ್ಪು!

ಮಾರ್ಚ್ ೧೨, ಬುಧವಾರ
ಬಿಪಿ: ೧೩೦/೮೦

ಕೊನೆಗೂ ಅಗೆದೆವು. ಮೇಲಿನ ಮ್ಯಾನ್‌ಹೋಲ್‌ಗೆ ರಬ್ಬರಿನ ಗಾಳಿಬುಡ್ಡೆ ಊದಿ ಬಿರಡೆ ಹಾಕಿ, ನೀರನ್ನು ಪಂಪಿನಿಂದ ರಸ್ತೆ ಮೇಲಿನ ಕೊಳವೆಗೆ ತಿರುಗಿಸಿ, ಆರು ಮೀಟರ್ ಹಳ್ಳ ತೆಗೆಸಿದೆ. ಉಳಿದ ಉದ್ದಕ್ಕೆ ಕತ್ತರಿ ಯಂತ್ರ ಬಿಟ್ಟೆವು. ಅದು ಪೈಪಿನೊಳಗೆ ತೆವಳುತ್ತಾ ಹೋಗಿ ಲೈನರನ್ನು ಸೀಳುತ್ತದೆ. ಅದನ್ನು ನಡೆಸುವವರು ಮೇಲೆ ಗಾಡಿಯಲ್ಲಿ ಕೂತಿರುತ್ತಾರೆ. ಅವರಿಗೂ ಕತ್ತರಿ ಅಂತಲೇ ಹೆಸರು. ಬಾಯಿ ಸಣ್ಣದು, ಕಣ್ಣು ಭಾರಿ ಚುರುಕು.

ಸೀಳಿದ ತುಂಡುಗಳನ್ನು ಸರಪಳಿ ಕಟ್ಟಿ ಎಳೆದು ರಸ್ತೆಗೆ ಹಾಕಿದರು. ಕತ್ತರಿಯವರು ಒಂದು ತುಂಡು ತೊಳೆದು ಸೂರ್ಯನಿಗೆ ಹಿಡಿದರು. ಹಳೇ ಪೈಪಿನ ಚೂರಿನೊಳಗೆ ಅದನ್ನು ಇಟ್ಟು ತೋರಿಸಿದರು. ಸುತ್ತಲೂ ನನ್ನ ಕಿರುಬೆರಳು ಹೋಗುವಷ್ಟು ಸಂದು.

"ಇದು ಆಮೇಲೆ ಬಿಸಿ ತಾಗಿ ಕೆಟ್ಟಿದ್ದಲ್ಲ ಮೇಡಂ. ಹುಟ್ಟುವಾಗ್ಲೇ ಕೆಟ್ಟಿದೆ. ಬೆಂದ ಮೇಲೆ ನಿಧಾನಕ್ಕೆ ಆರಬೇಕಿತ್ತು. ಬಿಸಿ ಇದ್ದಾಗ್ಲೇ ತಣ್ಣೀರು ಬಿಟ್ಟು ಒತ್ತಡ ಇಳಿಸಿದ್ದಾರೆ. ಚೀಲ ಕುಗ್ಗಿ ಪೈಪಿನಿಂದ ಬಿಟ್ಕೊಂಡಿದೆ. ಆ ಸಂದಿಗೆ ಅಂತರ್ಜಲ ಇಳಿದು ನಾಲ್ಕು ವರ್ಷ ಅಮುಕ್ತಾ ಕೂತಿದೆ."

ನನಗೆ ಕುಣಿಯುವಷ್ಟು ಖುಷಿ. ಅಕ್ಕನ ನೀರಿನದು ತಪ್ಪಲ್ಲ! ಹಾಗಾದರೆ ತಪ್ಪು ಅವತ್ತು ಬಾಯ್ಲರ್ ನಡೆಸಿದವನದು. ಮನೆಗೆ ಹೋಗುವ ಆತುರಕ್ಕೆ ಅರ್ಧಕ್ಕೇ ಆರಿಸಿದ ಬೇಜವಾಬ್ದಾರಿ ಮನುಷ್ಯ. ಅವನ ಆತುರಕ್ಕೆ ನನ್ನ ಅಕ್ಕ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಇಂಥವರನ್ನು ಸುಮ್ಮನೆ ಬಿಡಬಾರದು. ನಾಳೆ ಫೈಲ್ ಬರುತ್ತದೆ.

ಮಾರ್ಚ್ ೧೩, ಗುರುವಾರ
ಬಿಪಿ: ೧೩೦/೮೦

ಫೈಲ್ ಬಂತು. ತಲೆನೋವು.

ಮಾರ್ಚ್ ೧೪, ಶುಕ್ರವಾರ
ಬಿಪಿ:

ನಲ್ಲಿ ತೊಟ್ಟಿಕ್ಕುತ್ತದೆ ಅಂತ ಇವರ ಮೇಲೆ ಕೂಗಾಡಿದೆ. ಬಾಗಿಲು ಕಿರುಗುಟ್ಟುತ್ತದೆ ಅಂತ ಮಗಳ ಮೇಲೆ ಕೂಗಾಡಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಊಟ ಮಾಡಿದಳು.

ಬರೆದುಬಿಡುತ್ತೇನೆ. ಅಕ್ಷರ ನನ್ನದು.

ಚಾರ್ಟಿನಲ್ಲಿ ಎರಡೂವರೆಯವರೆಗಿನ ಸಾಲುಗಳು ಒಂದೊಂದು ಒಂದೊಂದು ಥರ ಇವೆ. ಒಂದರ ಮೇಲೆ ಟೀ ಕಲೆ, ಒಂದರಲ್ಲಿ ಪೆನ್ನು ಬೇರೆ, ಒಂದು ಕಡೆ ಹೊಡೆದುಹಾಕಿ ತಿದ್ದಿದ್ದೇನೆ. ಮೂರು ಗಂಟೆಯಿಂದ ಕೆಳಗಿನ ಏಳು ಸಾಲು ಮುತ್ತು ಪೋಣಿಸಿದ ಹಾಗಿವೆ. ಎಪ್ಪತ್ತನಾಲ್ಕು, ಅರವತ್ತೆಂಟು, ಅರವತ್ತೆರಡು, ಐವತ್ತಾರು, ಐವತ್ತು, ನಲವತ್ನಾಲ್ಕು, ಮೂವತ್ತೆಂಟು. ಪ್ರತಿ ಸಾಲಿಗೂ ಸರಿಯಾಗಿ ಆರಾರು ಡಿಗ್ರಿ. ನೀರು ಹಾಗೆ ಲೆಕ್ಕ ಇಟ್ಟುಕೊಂಡು ಇಳಿಯುವುದಿಲ್ಲ. ಒಮ್ಮೆ ಬೇಗ ಇಳಿಯುತ್ತದೆ, ಒಮ್ಮೆ ಒಂದು ಗಂಟೆ ಹಠ ಹಿಡಿದು ಕೂರುತ್ತದೆ. ಇಪ್ಪತ್ತಮೂರು ವರ್ಷ ನೀರಿನ ಜೊತೆ ಇದ್ದವಳಿಗೆ ಇದು ಗೊತ್ತಿಲ್ಲವೇ?

ಎಲ್ಲರೂ ಹೀಗೇ ಮಾಡುತ್ತಿದ್ದೆವು. ಎಲ್ಲರೂ! ಆರುವ ಹೊತ್ತಿನಲ್ಲಿ ಕೊನೆಯ ಸಾಲುಗಳನ್ನು ಒಂದೇ ಏಟಿಗೆ ತುಂಬಿಸುವುದನ್ನು ನನಗೆ ಕಲಿಸಿದ್ದೇ ನನ್ನ ಹಿಂದಿನ ಸೂಪರ್‌ವೈಸರ್. ಬಿಸಿಲಲ್ಲಿ ಹತ್ತು ಗಂಟೆ ಕೂರಿಸಿ, ನೆರಳಿಗೆ ಒಂದು ಛತ್ರಿ ಕೊಡದೆ, ಹೆಂಗಸರಿಗೆ ಹೋಗಿಬರಲು ಒಂದು ಕಕ್ಕಸು ತೋರಿಸದೆ, ಅರ್ಧ ಗಂಟೆಗೊಮ್ಮೆ ಬರಿ ಅಂದರೆ ಯಾರು ಬರೆಯುತ್ತಾರೆ? ಮೊದಲು ನಿಯಮ ಮಾಡಿದವರನ್ನು ಆ ಬಿಸಿಲಲ್ಲಿ ಕೂರಿಸಬೇಕು.

ಆದರೆ ಸಾಲು ತುಂಬಿಸುವುದು ಬೇರೆ, ನೀರು ಬೇಗ ಇಳಿಸುವುದು ಬೇರೆ. ನಾನು ಇಳಿಸಿ ಅಂದಿರಲಾರೆ. ಅದು ಬಾಯ್ಲರ್‌ನವನ ಕೆಲಸವೇ ಇರಬೇಕು.

ಮಾರ್ಚ್ ೧೭, ಸೋಮವಾರ
ಬಿಪಿ:

ಬಾಯ್ಲರ್‌ನವರನ್ನು ಹುಡುಕಿಕೊಂಡು ಹೋದೆ. ಕಂಪನಿ ಬಿಟ್ಟು ಈಗ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದಾರೆ. ನೆಲಮಾಳಿಗೆಯ ಕೋಣೆ, ಒಂದು ಕಬ್ಬಿಣದ ಕುರ್ಚಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಂಟೆ ಗಂಟೆಗೂ ಬರೆದಿಟ್ಟ ಅಂಕಿ. ನನ್ನನ್ನು ಕಂಡದ್ದೇ ಎದ್ದು ಆ ಕುರ್ಚಿಯನ್ನು ತಮ್ಮ ಅಂಗಿಯ ತುದಿಯಿಂದಲೇ ಒರೆಸಿದರು.

ಕೇಳಿದೆ. ಅವರಿಗೆ ಎಲ್ಲ ನೆನಪಿತ್ತು, ನನಗಿಂತ ಚೆನ್ನಾಗಿ.

"ನಿಮ್ಮಕ್ಕ ಬಂದಿದ್ರಲ್ಲ ಮೇಡಂ ಅವತ್ತು. ಬೆಳಿಗ್ಗೆಯಿಂದ ನೀರು ಬಿಡೋ ಹಾಗಿಲ್ಲ, ಆಸ್ಪತ್ರೆ ಬಟ್ಟೆ ಸಂಜೆಗೆ ಕೊಡ್ಬೇಕು, ಇನ್ನೂ ಎಷ್ಟ್ ಹೊತ್ತು ಅಂತ ಕೂಗಾಡಿದ್ರು. ನೀವು ನನ್ ಕಡೆ ತಿರುಗಿ ಸಾಕು ಇಳ್ಸಿ ಅಂದ್ರಿ. ಇನ್ನೂ ಎಂಬತ್ರಲ್ಲಿದೆ ಮೇಡಂ ಅಂದೆ. ನಾನು ಬರ್ಕೊಳ್ತೀನಿ ಬಿಡಿ ಅಂದ್ರಿ."

ಕೇಳುತ್ತಿದ್ದ ಹಾಗೆ ಎಲ್ಲ ಕಣ್ಣ ಮುಂದೆ ಬಂತು. ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಅಕ್ಕ. ಹತ್ತಾರು ಜನರ ಎದುರು ನನ್ನನ್ನು ಚಿಕ್ಕ ಹುಡುಗಿಯ ಹಾಗೆ ಗದರಿದ್ದು. ಅವಳ ಬಾಯಿ ಮುಚ್ಚಿಸಿದರೆ ಸಾಕು ಅನ್ನಿಸಿದ್ದು. ಜೊತೆಗೆ ಪಾಪ, ಅವಳಿಗೆ ಸಹಾಯವಾಗಲಿ ಅಂತಲೂ ಅನ್ನಿಸಿದ್ದು. ಎರಡೂ ನಿಜ.

"ಈಗ ಯಾರಾದ್ರೂ ಬಂದು ಕೇಳಿದ್ರೆ ಏನಂತ ಹೇಳ್ಲಿ ಮೇಡಂ? ನೀವು ಹೇಳಿದ ಹಾಗೆ ಹೇಳ್ತೀನಿ," ಅಂದರು.

ಎಷ್ಟು ಸಿಟ್ಟು ಬಂತೆಂದರೆ! ಈ ಮನುಷ್ಯ ನನ್ನ ಮೇಲೆ ಒಂದು ಮಾತಾದರೂ ಜೋರಾಗಿ ಆಡಬಾರದಿತ್ತೇ? ಇವರ ಹೆಸರನ್ನು ಇಲ್ಲಿ ಎರಡು ಹಾಳೆ ಹಿಂದೆ ನಾನು ಹೊಲಸು ಮಾಡಿಟ್ಟಿದ್ದೇನೆ. ಇವರು ನೋಡಿದರೆ ನನಗೆ ಕುರ್ಚಿ ಒರೆಸಿ ಕೊಡುತ್ತಾರೆ. ಉತ್ತರ ಕೊಡದೆ ಎದ್ದು ಬಂದೆ.

ಮಾರ್ಚ್ ೧೮, ಮಂಗಳವಾರ
ಬಿಪಿ:

ಐವತ್ವರ್ಷ ಆಫೀಸಿಗೇ ಬಂದ. ಇವತ್ತು ಮೂಗು ಮುಚ್ಚಿಕೊಂಡಿರಲಿಲ್ಲ. ಮೇಜಿನ ಮೇಲೆ ಚಾರ್ಟಿನ ನಕಲು ಹರಡಿದ.

"ನೋಡಿ ಮೇಡಂ, ಎಷ್ಟು ಚೆನ್ನಾಗಿ ಆರಿಸಿದ್ದೀವಿ. ಅರ್ಧ ಗಂಟೆಗೆ ಆರೇ ಡಿಗ್ರಿ. ಪುಸ್ತಕದಲ್ಲಿರೋ ಹಾಗೆ. ಕೆಳಗೆ ನಿಮ್ಮ ಸಹಿ. ಅಂದ್ಮೇಲೆ ನಮ್ಮ ಕೆಲಸದಲ್ಲಿ ತಪ್ಪಿಲ್ಲ. ಅಂದ್ಮೇಲೆ ಲಾಂಡ್ರಿ. ನೀವೇ ನಮಗೆ ದೊಡ್ಡ ಸಾಕ್ಷಿ."

ಅವನಿಗೆ ಲಾಂಡ್ರಿ ನನ್ನ ಅಕ್ಕನದು ಅಂತ ಗೊತ್ತು. ಗೊತ್ತಿದ್ದೇ ಹಲ್ಲು ಕಿರಿದ.

ಕತ್ತರಿಯವರ ತುಂಡು ತೋರಿಸಿದರೆ ಸಾಕು, ನಾನು ಬಾಯಿ ಬಿಡುವುದೇ ಬೇಡ ಅಂತ ಎರಡು ದಿನದಿಂದ ಅಂದುಕೊಂಡಿದ್ದೆ. ಆದರೆ ಒಂದು ಕಡೆ ಬರೀ ಪ್ಲಾಸ್ಟಿಕ್ ತುಂಡು, ಇನ್ನೊಂದು ಕಡೆ ಸರ್ಕಾರಿ ಸಹಿ. ಯಾವುದು ಗೆಲ್ಲುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಕ್ಕನ ಅಂಗಡಿಗೆ ಬೀಗ ಹಾಕಿಸುವುದು ಐವತ್ವರ್ಷನೂ ಅಲ್ಲ, ಇಲಾಖೆಯೂ ಅಲ್ಲ. ಮುತ್ತಿನಂಥ ಆ ಏಳು ಸಾಲು.

ಊಟ ಸೇರಲಿಲ್ಲ.

ಮಾರ್ಚ್ ೨೦, ಗುರುವಾರ
ಬಿಪಿ: ೧೭೨/೧೦೬

ಇವರು ಹೊಸ ಬ್ಯಾಟರಿ ತಂದು ಹಾಕಿದ್ದಾರೆ. ಮಷಿನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ನೋಡಿದೆ. ಎರಡನೇ ಸಲ ಇನ್ನೂ ಎರಡು ಜಾಸ್ತಿ ಬಂತು, ಅದನ್ನು ಬರೆದಿಲ್ಲ, ಮೊದಲನೆಯದು ಬರೆದಿದ್ದೇನೆ. ಎರಡನೆಯದು ೧೭೪/೧೦೬.

ವಿಚಾರಣೆ ಹನ್ನೊಂದಕ್ಕೆ. ದೊಡ್ಡ ಸಾಹೇಬರ ಕೋಣೆ, ಉದ್ದನೆ ಮೇಜು, ತಲೆಯ ಮೇಲೆ ಕಟಕಟ ಅನ್ನುವ ಫ್ಯಾನು. ಒಂದು ಬದಿಗೆ ಐವತ್ವರ್ಷ. ಇನ್ನೊಂದು ಬದಿಗೆ ಅಕ್ಕ ಮತ್ತು ಭಾವ. ಭಾವನ ಮೈಮೇಲೆ ಅದೇ ಅಂಗಿ, ಈಗ ಅದೆಷ್ಟನೇ ಇಸ್ತ್ರಿಯೋ. ಅಕ್ಕ ಇಪ್ಪತ್ತೆರಡು ವರ್ಷದ ನೀರಿನ ಬಿಲ್ಲುಗಳನ್ನೆಲ್ಲ ದಾರ ಕಟ್ಟಿ ತಂದಿದ್ದಳು. ಅದನ್ನು ಯಾರೂ ಕೇಳಲಿಲ್ಲ.

ಕತ್ತರಿಯವರು ತುಂಡು ತೋರಿಸಿದರು. ಐವತ್ವರ್ಷ ಚಾರ್ಟ್ ಎತ್ತಿ ಹಿಡಿದ. ಸಾಹೇಬರು ಕನ್ನಡಕ ಏರಿಸಿ ನನ್ನ ಕಡೆ ನೋಡಿದರು.

"ಇದು ನಿಮ್ಮ ಸಹೀನೇ ಅಲ್ವಾ?"

"ಸಹಿ ನನ್ನದೇ ಸಾರ್. ಕೊನೆಯ ಏಳು ಸಾಲು ಸುಳ್ಳು."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸ್ವಲ್ಪ ಯೋಚನೆ ಮಾಡಿ ಮಾತಾಡಿ. ಇದು ಒಂದು ಬೀದಿ ವಿಷಯ ಅಲ್ಲ. ಆ ವರ್ಷ ನಲವತ್ತೊಂದು ಬೀದಿಗೆ ಹಾಕಿದ್ದೀವಿ. ನಾಳೆ ಎಲ್ಲರೂ ಎಲ್ಲಾ ಚಾರ್ಟೂ ಸುಳ್ಳು ಅಂತಾರೆ."

"ಅನ್ನಲಿ ಸಾರ್. ಎಲ್ಲಾ ಬೀದಿಗೂ ಕ್ಯಾಮೆರಾ ಇಳಿಸಿ ನೋಡೋಣ. ಹೆಂಗಸೊಬ್ಬಳ ಅಂಗಡಿ ಮುಚ್ಚಿಸೋಕೆ ಮಾತ್ರ ಈ ಚಾರ್ಟು ನಿಜ ಆಗಬೇಕಾ?"

ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಅವತ್ತು ಡ್ಯೂಟಿಯಲ್ಲಿದ್ದ ಸೂಪರ್‌ವೈಸರ್‌ಗೆ ಬುದ್ಧಿ ಇರಲಿಲ್ಲ, ಎಂಬತ್ತು ಡಿಗ್ರಿಯಲ್ಲಿ ಇಳಿಸಬಾರದು ಅಂತ ಬಾಯ್ಲರ್‌ನವರು ಬಾಯಿಬಿಟ್ಟು ಹೇಳಿದರೂ ಕೇಳಲಿಲ್ಲ, ಟೀ ಕುಡಿಯುತ್ತಾ ಮೂರೂವರೆ ಗಂಟೆ ಕಾಲದ ಅಂಕಿಗಳನ್ನು ಐದು ನಿಮಿಷದಲ್ಲಿ ಗೀಚಿ ಸಹಿ ಹಾಕಿದಳು, ಇಂಥವರಿಗೆ ಸಂಬಳ ಕೊಡುವುದೇ ದಂಡ ಅಂತೆಲ್ಲ ಕೂಗಿದೆ. ಸಾಹೇಬರು ನಡುವೆ, "ನೀವು ಯಾರ ಬಗ್ಗೆ ಹೇಳ್ತಿದ್ದೀರಿ?" ಅಂದರು. "ನನ್ನ ಬಗ್ಗೇನೇ!" ಅಂತ ಮೇಜು ಗುದ್ದಿದೆ. ಕೈ ಈಗಲೂ ನೋಯುತ್ತಿದೆ.

ನೋಟಿಸು ವಾಪಸು. ನನಗೆ ಬೇರೆ ನೋಟಿಸು. ಐವತ್ವರ್ಷ ಫೈಲ್ ಕಂಕುಳಿಗೆ ಸಿಕ್ಕಿಸಿಕೊಂಡು ಲಿಫ್ಟಿಗೂ ಕಾಯದೆ ಇಳಿದುಹೋದ.

ಮೆಟ್ಟಿಲಿನ ಮೇಲೆ ಅಕ್ಕ ನಿಂತಳು. ಶಹಬ್ಬಾಸ್ ಅನ್ನುತ್ತಾಳೆ ಅಂದುಕೊಂಡಿದ್ದೆನೋ ಏನೋ.

"ಹದಿಮೂರು ದಿನ ನನ್ನ ಬಾಗಿಲು ಹಾಕ್ಸಿದ್ದು ನೀನು."

"ಹೌದು."

"ಅವತ್ತು ಬಂದು ಕೂಗಿದ್ದು ನಾನು."

"ಹೌದು."

"ಹುಟ್ಟಿದಾಗಿಂದ ನನ್ನ ಒಂದು ಮಾತೂ ಕೇಳ್ದವಳಲ್ಲ ನೀನು. ಅವತ್ತೊಂದಿನ ಯಾಕೆ ಕೇಳ್ಬೇಕಿತ್ತು?"

ಬಿಲ್ಲಿನ ಕಟ್ಟನ್ನು ನನ್ನ ಕೈಗೆ ತುರುಕಿ ಇಳಿದುಹೋದಳು. ಭಾವ ಒಂದೊಂದೇ ಮೆಟ್ಟಿಲು ಇಳಿಯುತ್ತಾ ನನ್ನ ಪಕ್ಕಕ್ಕೆ ಬಂದಾಗ ಭುಜ ತಟ್ಟಿದರು.

ಮಾರ್ಚ್ ೨೪, ಸೋಮವಾರ
ಬಿಪಿ: ೧೬೪/೧೦೨. ಶನಿವಾರ, ಭಾನುವಾರ ನೋಡಿಲ್ಲ.

ಆದೇಶ ಬಂತು. ಒಂದು ವರ್ಷ ಸೂಪರ್‌ವೈಸರ್ ಕೆಲಸ ಇಲ್ಲ. ಲೈನರ್ ಹಾಕುವ ಕಡೆ ಕೂತು ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಇಪ್ಪತ್ತಮೂರು ವರ್ಷದ ಮೇಲೆ ಅಂಕಿ ಬರೆಯುವ ಗುಮಾಸ್ತೆ! ಉಳಿದ ಇಬ್ಬರು ಸೂಪರ್‌ವೈಸರ್‌ಗಳು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅವರ ಚಾರ್ಟುಗಳನ್ನೂ ತೆಗೆಸಿದ್ದಾರಂತೆ. ನಾನು ಬಂದರೆ ಟೀ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಾರೆ. ಹೋಗಲಿ. ಅವರ ಟೀಗೆ ಸಕ್ಕರೆ ಹಾಕುತ್ತಿದ್ದುದೇ ನಾನು.

ಡಾಕ್ಟರಮ್ಮ ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. "ಇದ್ದಕ್ಕಿದ್ದ ಹಾಗೆ ಯಾಕೆ ಇಷ್ಟು ಏರಿದೆ?" ಅಂದರು. ಏರಿಲ್ಲ, ಮೊದಲಿಂದಲೂ ಇಷ್ಟೇ ಇದ್ದಿರಬೇಕು, ಹಿಂದಿನದೆಲ್ಲ ನಾನು ಕೂತು ಬರೆದದ್ದು ಅಂದೆ. ಮಾತ್ರೆ ಬದಲಾಯಿಸಿದರು. ಇಷ್ಟು ದಿನ ಅರ್ಧ ಮಾತ್ರೆಯಲ್ಲಿ ಓಡಾಡಿಕೊಂಡಿದ್ದೆನಂತೆ. ಬೇಕಾದಷ್ಟು ಬೈದರು. ಅವರಿಗೂ ಒಂದು ಪುಸ್ತಕ ಕೊಡಿಸಬೇಕು.

ವಾಪಸು ಬರುವಾಗ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೆ. ಯಾರಾದರೂ ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳಿ ಅಂದೆ. ಬಾಯ್ಲರ್‌ನವರು ಕುರ್ಚಿ ಕೊಡಲು ಎದ್ದರು. ಬೇಡ, ನೀವೇ ಕೂತುಕೊಳ್ಳಿ ಅಂದೆ.

ಏಪ್ರಿಲ್ ೩, ಗುರುವಾರ
ಬಿಪಿ: ೧೫೨/೯೬

ಲಾಂಡ್ರಿ ಬೀದಿಗೆ ಹೊಸ ಕಾಲುಚೀಲ. ಕಂಪನಿ ಬೇರೆ. ಈ ಕಂಪನಿಯವರು ಎಷ್ಟು ವರ್ಷ ಬರುತ್ತದೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಿಸಿಲಿಗೆ ತಲೆ ಕಾದ ಹೆಂಚಾಗಿತ್ತು. ಛತ್ರಿ ಕೊಡಿ ಅಂತ ಅರ್ಜಿ ಬರೆದಿದ್ದೇನೆ, ಕಕ್ಕಸಿಗೂ ಬರೆದಿದ್ದೇನೆ, ಸಿಗುವವರೆಗೆ ವಾರಕ್ಕೊಂದು ಬರೆಯುತ್ತೇನೆ. ಮ್ಯಾನ್‌ಹೋಲ್ ಪಕ್ಕ ಬಕೆಟ್ ಬೋರಲು ಹಾಕಿ ಕೂತೆ. ಎರಡಕ್ಕೆ ಎಂಬತ್ತೊಂದು. ಎರಡೂವರೆಗೆ ಎಪ್ಪತ್ತೆರಡು. ಮೂರಕ್ಕೆ ಎಪ್ಪತ್ತು. ಮೂರೂವರೆಗೂ ಎಪ್ಪತ್ತು. ನಾಲ್ಕಕ್ಕೆ ಅರವತ್ತೊಂದು.

ನಾಲ್ಕು ಕಳೆದ ಮೇಲೆ ಅಕ್ಕ ಬಂದಳು. ವಿಚಾರಣೆಯ ದಿನದಿಂದ ಮಾತಿಲ್ಲ. ಅಂಗಡಿ ತೆರೆದಿದ್ದರೂ ಇವತ್ತೊಂದು ದಿನ ಎಲ್ಲರ ಹಾಗೆ ಅವಳೂ ನೀರು ಬಿಡುವಂತಿಲ್ಲ. ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವತ್ತು ನಿಂತಿದ್ದ ಜಾಗದಲ್ಲೇ ನಿಂತಳು.

"ಇನ್ನೂ ಎಷ್ಟ್ ಹೊತ್ತೇ?"

"ಗೊತ್ತಿಲ್ಲ. ಮೂವತ್ತೆಂಟಕ್ಕೆ ಬರ್ಬೇಕು."

"ಆಸ್ಪತ್ರೆ ಬಟ್ಟೆ ನೆನೆಸಿಟ್ಟಿದ್ದೀನಿ."

"ನೆನೀಲಿ."

"ಅಂದಾಜು ಹೇಳೋಕೂ ಆಗಲ್ವಾ?"

"ಆಗಲ್ಲ."

ಅವಳು ಬೈದಳು. ನಾನೂ ಬೈದೆ. ಚಿಕ್ಕಂದಿನ ಲಂಗದ ಜಗಳ, ಅಪ್ಪ ತೀರಿಕೊಂಡಾಗಿನ ಬೀರುವಿನ ಜಗಳ, ಎಲ್ಲ ಎದ್ದು ಬಂತು. ಬೀದಿಯವರು ಕಿಟಕಿ ತೆರೆದು ಕೇಳಿಸಿಕೊಂಡರು. ಕೊನೆಗೆ ಅವಳು ಇನ್ನೊಂದು ಬಕೆಟ್ ತಂದು ಬೋರಲು ಹಾಕಿ ನನ್ನ ಪಕ್ಕ ಕೂತು, ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ನೋಡಿದರೆ ಗಂಟೆ ಐದಕ್ಕೆ ಎರಡು ನಿಮಿಷ. ನಾಲ್ಕೂವರೆಯ ಅಂಕಿ ನೋಡಿಯೇ ಇಲ್ಲ.

ಇವತ್ತಿನ ಸೂಪರ್‌ವೈಸರ್ ಮಾತು ಬಿಟ್ಟ ಇಬ್ಬರಲ್ಲಿ ಒಬ್ಬರು. ಹಾಳೆ ಇಣುಕಿ ನೋಡಿ ಮಾತು ಶುರು ಮಾಡಿದರು.

"ಐದಕ್ಕೆ ಐವತ್ತೈದು ಬಂದಿದೆ. ನಾಲ್ಕಕ್ಕೆ ಅರವತ್ತೊಂದು. ನಡುವೆ ಐವತ್ತೆಂಟು ಹಾಕ್ಬಿಡಿ. ಯಾರಿಗೇನು ನಷ್ಟ?"

ನಿಜ ಹೇಳಬೇಕೆಂದರೆ ಐವತ್ತೆಂಟೇ ಇದ್ದಿರಬಹುದು. ಪೆನ್ನು ಕೈಯಲ್ಲೇ ಇತ್ತು. ಅಕ್ಕ ಟೀ ಕುಡಿಯುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅದೇನು ನೋಡುತ್ತಾಳೋ, ಅವಳಿಗೆ ಚಾರ್ಟು ಓದಲೂ ಬರುವುದಿಲ್ಲ.

ಮೂವತ್ತೆಂಟಕ್ಕೆ ಬಂದಾಗ ಏಳೂಕಾಲು. ಬೀದಿಯವರೆಲ್ಲ ಅಷ್ಟೊತ್ತಿಗೆ ನನಗೆ ಶಾಪ ಹಾಕಿ ಸುಸ್ತಾಗಿದ್ದರು. ಒತ್ತಡ ಇಳಿಸಿ, ಕ್ಯಾಮೆರಾ ಬಿಟ್ಟು ನೋಡಿ, ಮನೆಗಳ ಪೈಪಿನ ಬಾಯಿ ಕೊರೆದು ತೆರೆಯುವಷ್ಟರಲ್ಲಿ ಎಂಟಾಯಿತು. ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತು, "ಬಿಡ್ಲಾ?" ಅಂತ ಕೂಗಿದಳು. "ಬಿಡು," ಅಂದೆ. ಆಸ್ಪತ್ರೆಯ ಬಟ್ಟೆಯ ನೀರು ಸೋಪಿನ ನೊರೆಯ ಸಮೇತ ಬಂದು ಮ್ಯಾನ್‌ಹೋಲ್ ದಾಟಿ ಮುಂದಕ್ಕೆ ಹೋಯಿತು.

ಬರೆದವಳು ಅಂತ ಹಾಳೆಗೆ ಸಹಿ ಹಾಕಿ ಕೊಟ್ಟೆ. ನಾಲ್ಕೂವರೆಯ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: ನೋಡಲಿಲ್ಲ, ಅಕ್ಕನ ಜೊತೆ ಜಗಳ ಆಡುತ್ತಿದ್ದೆ.